ನ್ಯೂಟ್ರಲ್‌ನಲ್ಲಿ ಶಿರಾಡಿ ಇಳಿಸಿದ ತಮ್ಮನಿಗೆ

ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಲಾರಿಯನ್ನು ಗೇರು ಬಿಡಿಸಿ ನ್ಯೂಟ್ರಲ್‌ನಲ್ಲೇ ಬಿಟ್ಟು ಎರಡು ಲೀಟರ್ ಡೀಸೆಲ್ ಉಳಿಸಿದೆ ಎಂದು ನಮ್ಮ ಚಾಲಕರ ಗುಂಪಿನಲ್ಲಿ ಬರೆದಿದ್ದೀಯ. ಈ ಉತ್ತರ ನಿನಗೆ ಮಾತ್ರವಲ್ಲ, ಅದರ ಕೆಳಗೆ ಹೆಬ್ಬೆರಳು ಎತ್ತಿದ ಹಿರಿಯರಿಗೂ ಸೇರಿ. ಅವರಿಗೆ ಗೊತ್ತಿರಬೇಕಿತ್ತು.

2009ರಲ್ಲಿ ನಾನೂ ಹೀಗೆಯೇ ಜಾಣನಾಗಿದ್ದೆ. ಹತ್ತು ಚಕ್ರದ ಗಾಡಿ, 16 ಟನ್ ಮೆಕ್ಕೆಜೋಳ, ಮಂಗಳೂರಿಗೆ. ಮಾಲೀಕರು ಮೈಲೇಜಿಗೆ ಪ್ರತ್ಯೇಕ ಹಣ ಕೊಡುತ್ತಿದ್ದರು. ಮೊದಲ ನಾಲ್ಕು ತಿರುವು ಸಲೀಸಾಗಿ ಹೋಯಿತು. ಐದನೆಯದರಲ್ಲಿ ಬ್ರೇಕ್ ಪೆಡಲ್ ಎಂದಿನಂತೆಯೇ ಇತ್ತು, ಗಾಡಿ ಮಾತ್ರ ಕೇಳುತ್ತಿರಲಿಲ್ಲ. ಗೇರಿನ ತಡೆ ಇಲ್ಲದೆ ಭಾರವೆಲ್ಲ ಬ್ರೇಕಿನ ಮೇಲೇ ಬಿದ್ದು, ಸುಟ್ಟ ಲೈನರಿನ (ಬ್ರೇಕ್ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ವಾಸನೆ ಕ್ಯಾಬಿನ್ ತುಂಬಿತು. ಹೆದರಿಕೆಯಲ್ಲಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿದೆ. ಲಾರಿಯ ಬ್ರೇಕ್ ನಡೆಯುವುದೇ ಟ್ಯಾಂಕಿನಲ್ಲಿ ತುಂಬಿದ ಗಾಳಿಯಿಂದ, ಒತ್ತಿದಷ್ಟೂ ಗಾಳಿ ಖಾಲಿ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಧಾನಕ್ಕೆ ಗುರುಗುಟ್ಟುತ್ತಿರುವಾಗ ಅದರಿಂದಲೇ ತಿರುಗುವ ಕಂಪ್ರೆಸರ್ ಅಷ್ಟು ಬೇಗ ಗಾಳಿ ತುಂಬುವುದಿಲ್ಲ. ಗೇರಿಗೆ ಹಾಕಲು ನೋಡಿದರೆ ಆ ವೇಗಕ್ಕೆ ಯಾವುದೂ ಬೀಳಲಿಲ್ಲ, ಕಿರಕಿರ ಎಂದಿತು ಅಷ್ಟೇ. ಕೊನೆಗೆ ಎಡಗಡೆಯ ಮಣ್ಣಿನ ಗೋಡೆಗೆ ಉಜ್ಜಿ ನಿಲ್ಲಿಸಿದೆ. ಬಲಗಡೆ ಹೊಳೆ. ಕ್ಲೀನರ್ ಹುಡುಗ ಇಳಿದವನೇ ಕೊಡದ ನೀರನ್ನೆಲ್ಲ ಕಾದ ಡ್ರಮ್ಮಿಗೆ ಸುರಿದ. ಎರಡು ಡ್ರಮ್ ಸೀಳು ಬಿಟ್ಟವು. ವರ್ಷವಿಡೀ ಉಳಿಸಿದ ಮೈಲೇಜಿನ ಹಣ ಅದಕ್ಕೇ ಹೋಯಿತು. ಕಾದ ಡ್ರಮ್ಮಿಗೆ ನೀರು ಹಾಕಬೇಡ, ಯಾರು ಹೇಳಿದರೂ ಹಾಕಬೇಡ. ಹ್ಯಾಂಡ್‌ಬ್ರೇಕನ್ನೂ ಆಗಲೇ ಎಳೆಯಬೇಡ. ಗೇರಿನಲ್ಲಿ ನಿಲ್ಲಿಸಿ, ಉರುಳದಂತೆ ಚಕ್ರಕ್ಕೆ ಅಡ್ಡ ಕಟ್ಟೆ ಕೊಟ್ಟು, ತಾನಾಗಿ ಆರುವವರೆಗೆ ಕಾಯಬೇಕು.

ಇನ್ನು ನಿನ್ನ ಎರಡು ಲೀಟರ್. ನಿನ್ನದು ಬಿಎಸ್6, ಅಂದರೆ ಹೊಸ ಮಾಲಿನ್ಯ ನಿಯಮದ ಗಾಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಇಂಜೆಕ್ಟರಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಂತೆ ಡೀಸೆಲ್ ಕೊಡಲೇಬೇಕು. ಅಂದರೆ ನೀನು ಉಳಿಸಲಿಲ್ಲ, ಸುಟ್ಟೆ. ಎಂಜಿನ್ ಆರಿಸಿ ಇಳಿಸುವ ಮಹಾನುಭಾವರೂ ಈ ಗುಂಪಿನಲ್ಲಿದ್ದಾರೆ. ಅವರಿಗೆ ಗಾಳಿಯೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. ಕ್ಲಚ್ ಒತ್ತಿ ಹಿಡಿದು ಇಳಿಸುವುದೂ ನ್ಯೂಟ್ರಲ್ಲೇ, ಹೆಸರು ಬೇರೆ.

ನಾನು ಈಗ ಮಾಡುವುದು ಇಷ್ಟು. ಘಾಟಿ ಶುರುವಾಗುವ ಮೊದಲೇ, ಸಮತಟ್ಟಿನಲ್ಲೇ ಗೇರು ಇಳಿಸುತ್ತೇನೆ. ನಡುವೆ ಬದಲಿಸುವುದಿಲ್ಲ. ಏಕೆಂದರೆ ಒಂದರಿಂದ ಬಿಡಿಸಿ ಇನ್ನೊಂದು ಬೀಳದಿದ್ದರೆ ಮತ್ತೆ ನ್ಯೂಟ್ರಲ್ಲೇ. ‘ಹತ್ತುವ ಗೇರಿನಲ್ಲೇ ಇಳಿ’ ಎಂಬ ಹಳಬರ ಲೆಕ್ಕ ಹಳೆಯ ಗಾಡಿಗೆ ಸರಿ. ಈಗಿನ ಎಂಜಿನ್ ಮೇಲಿನ ಗೇರಿನಲ್ಲೇ ಹತ್ತಿಬಿಡುವುದರಿಂದ ಇಳಿಯುವಾಗ ಅದಕ್ಕಿಂತ ಒಂದು ಕಡಿಮೆ ಹಾಕು. ಹೊಗೆಯ ದಾರಿ ಕಟ್ಟಿ ಎಂಜಿನ್ನಿನಿಂದಲೇ ವೇಗ ತಡೆಯುವ ಎಕ್ಸಾಸ್ಟ್ ಬ್ರೇಕ್ ಹಾಕು, ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಕೆಂಪು ಗೆರೆ ಮುಟ್ಟಲು ಬಿಡಬೇಡ. ವೇಗ 30ಕ್ಕೆ ಏರಿದರೆ ಒಮ್ಮೆ ಗಟ್ಟಿಯಾಗಿ ಒತ್ತಿ 20ಕ್ಕೆ ತಂದು ಕಾಲು ಪೂರ್ತಿ ತೆಗೆ. ಕಾಲನ್ನು ಪೆಡಲ್ ಮೇಲೆ ಒರಗಿಸಿಕೊಂಡು ಬರುವವನ ಡ್ರಮ್ಮಿಗೆ ಆರಲು ಬಿಡುವೇ ಸಿಗುವುದಿಲ್ಲ. ಆದರೆ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಗಾಡಿ ಖಾಲಿ ಇದ್ದಾಗ ಎಕ್ಸಾಸ್ಟ್ ಬ್ರೇಕ್ ಹಿಂದಿನ ಚಕ್ರವನ್ನು ಜಾರಿಸುತ್ತದೆ. ಸಕಲೇಶಪುರದ ಮಳೆಯಲ್ಲಿ ಅದನ್ನು ಆರಿಸಿ, ಇನ್ನೂ ನಿಧಾನವಾಗಿ ಇಳಿ.

ಬೆಳಿಗ್ಗೆ ಬ್ರೇಕಿನ ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡುವುದನ್ನು ಮರೆಯಬೇಡ. ಲೈನರಿನ ವಿಷಯದಲ್ಲಿ ನಾನು ರಾಣೆ ಕಂಪನಿಯದು ಬಿಟ್ಟು ಬೇರೆ ಹಾಕಿಸುವುದಿಲ್ಲ. ಬೇರೆಯವರಿಗೆ ಬೇರೆ ಅನುಭವ ಇರಬಹುದು, ಆದರೆ ಹೆಸರಿಲ್ಲದ ಡಬ್ಬಿಯ ಲೈನರ್ ಬೇಡ. ಮುಂದಿನ ಎರಡು ಚಕ್ರಕ್ಕೆ ರೀಸೋಲ್ (ಸವೆದದ್ದಕ್ಕೆ ಹೊಸ ರಬ್ಬರ್ ಅಂಟಿಸಿದ) ಟೈರ್ ಹಾಕಲು ಮಾಲೀಕರು ಹೇಳಿದರೆ ಕೀಲಿ ವಾಪಸ್ ಕೊಡು. ಹೊಗೆ ಶುದ್ಧ ಮಾಡಲು ಬಿಎಸ್6 ಗಾಡಿಗೆ ಹಾಕುವ ಯೂರಿಯಾ ದ್ರವ ಡಿಇಎಫ್, ಅದನ್ನೂ ರಸ್ತೆ ಬದಿಯಲ್ಲಿ ಅಗ್ಗಕ್ಕೆ ಕೊಳ್ಳಬೇಡ. ಅದರಲ್ಲಿ 32.5 ಶೇಕಡಾ ಯೂರಿಯಾ ಇರಬೇಕು. ನೀರಿಗೆ ಗೊಬ್ಬರ ಕಲಸಿದ್ದು ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನೇ ಹಾಳು ಮಾಡುತ್ತದೆ.

ಹೊಸಬರು ಸಾಮಾನಿನ ಪಟ್ಟಿ ಕೇಳುತ್ತಾರೆ: ಹಾಡಿನ ಪೆಟ್ಟಿಗೆ, ಬಣ್ಣದ ದೀಪ. ಮೊದಲು ಎರಡು ಒಳ್ಳೆಯ ಮರದ ಕಟ್ಟೆ, ತಲೆಗೆ ಕಟ್ಟುವ ಟಾರ್ಚ್, ಪ್ರತಿಫಲಿಸುವ ತ್ರಿಕೋನ, ಡೀಸೆಲ್ ಟ್ಯಾಂಕಿಗೆ ಬೀಗ ತೆಗೆದುಕೋ. ನೀರಿನ ಬಾಟಲಿಗೆ ಒಂದು ಜಾಗ ಮಾಡು. ಬಾಟಲಿ ಉರುಳಿ ಪೆಡಲಿನ ಕೆಳಗೆ ಸೇರಿದರೆ ಮೇಲೆ ಬರೆದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹವಾಯಿ ಚಪ್ಪಲಿ ಹಾಕಿ ಓಡಿಸುವುದನ್ನೂ ಇಂದೇ ಬಿಡು.

ನಿದ್ದೆಯ ಬಗ್ಗೆ ಜಗಳವಾಡಲು ನನಗೆ ಶಕ್ತಿ ಇಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಿಂದ, 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬರುವವರೆಗೂ, ದಿನಕ್ಕೆ 8 ಗಂಟೆ, ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ಎಷ್ಟು ಮಾಲೀಕರು ಓದಿದ್ದಾರೋ! ‘ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಮುಗಿಯುತ್ತದೆ, ಓಡಿಸು’ ಎಂದು ಮಾಲೀಕರು ಫೋನ್ ಮಾಡಿದರೆ ಹೆದರಬೇಡ. ಅದು 200 ಕಿಲೋಮೀಟರಿಗೆ ಒಂದು ದಿನ ಇರುತ್ತದೆ. ಗಾಡಿ ನಡುವೆ ನಿಂತರೆ, ಅವಧಿ ಮುಗಿಯುವ ಮುಂಚಿನ ಅಥವಾ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಬಹುದು. ಕಚೇರಿಯಲ್ಲಿ ಕುಳಿತವರಿಗೆ ಅದು ಐದು ನಿಮಿಷದ ಕೆಲಸ.

ಮುಂದಿನ ಟ್ರಿಪ್ ನಾಸಿಕ್ ಎಂದಿದ್ದೀಯ. ಹಾಗಾದರೆ ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗಿನ ಇಳಿಜಾರನ್ನು ನೆನಪಿಡು. ಅದು ಘಾಟಿಯಂತೆ ಕಾಣುವುದೇ ಇಲ್ಲ. ಅಗಲವಾದ ನುಣುಪು ರಸ್ತೆ, ಕೈ ತಾನಾಗಿ ನ್ಯೂಟ್ರಲ್ಲಿಗೆ ಹೋಗುತ್ತದೆ. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಚಾಲಕ ಎಂಜಿನ್ ಆರಿಸಿ ಇಳಿಸಿದ್ದ ಎಂದು ಆಗ ಪೊಲೀಸರು ಹೇಳಿದ್ದರು. ಸುರಂಗದ ಒಳಗಿರುವಾಗಲೇ ಗೇರು ಇಳಿಸಿಕೋ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಊಟ ಕಾತ್ರಜ್‌ಗೆ ಮೊದಲೇ ಮುಗಿಸಿಕೋ, ಆಮೇಲೆ ನಗರದಲ್ಲಿ ಲಾರಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ.