ಶ್ರಬ್ ಗುಲಾಬಿ ಏಳಡಿ ಬೆಳೆದಿದೆ, ಹೂವೇ ಇಲ್ಲ. ಯಾವ ಗೊಬ್ಬರ ಹಾಕಲಿ?

ಗೊಬ್ಬರದ ಚೀಲ ಪಕ್ಕಕ್ಕಿಡಿ. ಮೊದಲು ಆ ಉದ್ದದ ಕೊಂಬೆಯನ್ನು ಹಿಡಿದು ಮೇಲಿಂದ ಕೆಳಗೆ ಒಂದು ಸಲ ಕೈಯಾಡಿಸಿ. ಮುಳ್ಳು ಚುಚ್ಚಿತಾ?

ಆರು ಇಂಗ್ಲಿಷ್ ಶ್ರಬ್ ಗುಲಾಬಿ, ಅಂದರೆ ಪೊದೆಯಾಗಿ ಬೆಳೆಯುವ ಗುಲಾಬಿ, ತಂದು ಎರಡು ವರ್ಷ ಆಯಿತು, ಎಲೆ ಹಸಿರೋ ಹಸಿರು, ಹೂವು ಮಾತ್ರ ಇಲ್ಲ, ಏನು ಗೊಬ್ಬರ ಹಾಕಲಿ, ಸಂಗ್ರಹಕ್ಕೆ ಇನ್ನೂ 20 ತಳಿ ಯಾವುದು ತರಲಿ ಅಂತ ಕೇಳಿದ್ದೀರಿ. ಓದುವಾಗ ಇದನ್ನು 2018ರಲ್ಲಿ ನಾನೇ ಬರೆದಿದ್ದೆನೇನೋ ಅನ್ನಿಸಿತು.

ನಮ್ಮದು ಮೈಸೂರು. ಮನೆ ಮುಂದೆ ಕಾಂಪೌಂಡಿಗೆ ಅಂಟಿಕೊಂಡು ಎಂಟಡಿ ಅಗಲದ ಒಂದು ಪಟ್ಟಿ ಜಾಗ. ಅಲ್ಲಿ ಅಮ್ಮನ ದಾಸವಾಳ, ಕನಕಾಂಬರ, ಒಂದು ಪನ್ನೀರು ಗುಲಾಬಿ ಇದ್ದವು. 2016ರ ದಸರಾ ರಜೆಯಲ್ಲಿ ನನಗೆ ಈ ಹುಚ್ಚು ಹಿಡಿಯಿತು. ಹಿಡಿಸಿದ್ದು ಒಂದು ಫೋಟೋ. ಗ್ರಹಾಂ ಥಾಮಸ್ ಅನ್ನೋ ಗುಲಾಬಿ. ಚೆನ್ನಾಗಿ ಹಣ್ಣಾದ ಹಲಸಿನ ತೊಳೆ ಇರುತ್ತಲ್ಲ, ಸರಿಯಾಗಿ ಆ ಬಣ್ಣ. ಬಟ್ಟಲಿನಂಥ ಹೂವಿನ ತುಂಬ ಎಸಳು. ಡೇವಿಡ್ ಆಸ್ಟಿನ್ ಅನ್ನುವವರು ಇಂಗ್ಲೆಂಡಿನಲ್ಲಿ ಹಳೇ ಕಾಲದ ಗುಲಾಬಿಯ ರೂಪ, ಪರಿಮಳವನ್ನು ಈಗಿನ ಗುಲಾಬಿಯ ಮತ್ತೆಮತ್ತೆ ಹೂ ಬಿಡುವ ಗುಣಕ್ಕೆ ಸೇರಿಸಿ ಮಾಡಿದ ತಳಿಗಳಲ್ಲಿ ಅದೂ ಒಂದು. 1961ರಲ್ಲಿ ಬಂದ ಅವರ ಮೊದಲ ಗುಲಾಬಿ ಕಾನ್‌ಸ್ಟನ್ಸ್ ಸ್ಪ್ರೈ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿತ್ತು. ಗ್ರಹಾಂ ಥಾಮಸ್ ಬಂದಿದ್ದು 1983ರಲ್ಲಿ. 2009ರಲ್ಲಿ ಅದಕ್ಕೆ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ದೊಡ್ಡ ಗೌರವವೂ ಸಿಕ್ಕಿತು. ಇದೆಲ್ಲ ನನಗೆ ಆಗ ಬಾಯಿಪಾಠ. ಗಿಡ ನೆಡೋದು ಹೇಗೆ ಅನ್ನೋದೊಂದು ಬಿಟ್ಟು.

ಹುಡುಕಿ ಹುಡುಕಿ ಹನ್ನೊಂದು ಗಿಡ ತಂದೆ. ಗ್ರಹಾಂ ಥಾಮಸ್ ಎರಡು, ಅಬ್ರಹಾಂ ಡಾರ್ಬಿ, ಹೆರಿಟೇಜ್, ಗೋಲ್ಡನ್ ಸೆಲೆಬ್ರೇಷನ್, ಹೀಗೆ. ಪ್ರತಿ ಗಿಡದ ಬುಡದಲ್ಲೂ ಕೆಮ್ಮಣ್ಣಿನ ಗಟ್ಟಿ ಉಂಡೆ, ಅದರ ಮೇಲೆ ಕಸಿ ಕಟ್ಟಿದ ಗಂಟು. ಗಿಡ ಕೊಟ್ಟ ನರ್ಸರಿಯವರು ಗಾಡಿಗೆ ಹತ್ತಿಸುವಾಗ ಎರಡು ಸಲ ಹೇಳಿದರು, "ಸಾರ್, ಗಂಟು ಮಣ್ಣಿನ ಮೇಲೇ ಇರಲಿ." ನಾನು ತಲೆ ಆಡಿಸಿದೆ.

ಮನೆಗೆ ಬಂದು ಇಂಗ್ಲೆಂಡಿನವರ ಸಲಹೆ ಓದಿದೆ. ಗಂಟು ಎರಡು ಇಂಚು ಮಣ್ಣಿನೊಳಗೆ ಹೋಗಬೇಕು ಅಂತ ಇತ್ತು. ಆಸ್ಟಿನ್ ಗುಲಾಬಿ ಬೆಳೆದವರ ನಾಡಿನ ಮಾತು ನಂಬಬೇಕೋ, ಹುಣಸೂರು ರಸ್ತೆಯ ನರ್ಸರಿಯವನ ಮಾತೋ? ಹನ್ನೊಂದನ್ನೂ ಹೂತೆ. ಸಾಲದು ಅಂತ ತಿಂಗಳಿಗೊಮ್ಮೆ ಬುಡಕ್ಕೆ ಒಣಗಿದ ಎಲೆ, ಸಗಣಿ ಗೊಬ್ಬರ ಏರಿಸುತ್ತಾ ಹೋದೆ. ಆರು ತಿಂಗಳಲ್ಲಿ ಗಂಟು ಒಂದು ಗೇಣು ಕೆಳಗೆ ಹೋಗಿತ್ತು.

ಇದರಲ್ಲಿ ತಪ್ಪು ಏನು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ದುಡ್ಡು ಕೊಟ್ಟು ತಂದಿದ್ದು ಒಂದು ಗಿಡ ಅಲ್ಲ, ಎರಡು. ಮೇಲೆ ಇರೋದು ಹೆಸರಿನ ಗುಲಾಬಿ. ಕೆಳಗೆ ಇರೋದು ಬೇರಿಗೋಸ್ಕರ ಬೆಳೆಸಿದ ಒರಟು ಗುಲಾಬಿ. ನಮ್ಮ ಕಡೆ ನರ್ಸರಿಗಳಲ್ಲಿ ಅದು ಹೆಚ್ಚಾಗಿ ಮುಳ್ಳಿಲ್ಲದ ಮಲ್ಟಿಫ್ಲೋರಾ. ಗಂಟಿನ ಕೆಳಗಿನಿಂದ ಬರುವ ಯಾವ ಚಿಗುರಾದರೂ ಅದರದ್ದೇ, ಕಳ್ಳ ಚಿಗುರು. ಗಂಟು ಕಣ್ಣಿಗೆ ಕಾಣುತ್ತಿದ್ದರೆ ಕಳ್ಳನನ್ನು ಚಿಕ್ಕ ಮಗುವೂ ಹಿಡಿಯುತ್ತದೆ. ಗಂಟು ಹೂತುಬಿಟ್ಟರೆ? ಎಲ್ಲ ಚಿಗುರೂ ಮಣ್ಣಿನಿಂದಲೇ ಬರುತ್ತವೆ. ಯಾವುದು ಮನೆ ಮಗ, ಯಾವುದು ಹೊರಗಿನವನು ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಗುಲಾಬಿ ಬೆಳೆಯುವವರೆಲ್ಲ ಒಂದು ಮಾತು ಹೇಳುತ್ತಾರೆ, ಬುಡದಿಂದ ಬರುವ ದಪ್ಪ ಚಿಗುರು ಬಂಗಾರ, ಅದನ್ನು ಮುಟ್ಟಬೇಡಿ ಅಂತ. ಮಾತು ನಿಜ. ಗಂಟಿನ ಮೇಲಿನಿಂದ ಬಂದರೆ ಬಂಗಾರ. ನಾನು ಕಳ್ಳನಿಗೆ ಬಂಗಾರ ಅಂದುಕೊಂಡು ಆರತಿ ಎತ್ತಿದೆ.

ಮತ್ತೆ ಆ ಎರಡು ಇಂಚಿನ ಲೆಕ್ಕ ಇಂಗ್ಲೆಂಡಿನ ಚಳಿಗಾಲಕ್ಕೆ ಸರಿ. ಅಲ್ಲಿ ಹಿಮ ಬೀಳುತ್ತದೆ, ನೆಲ ಹೆಪ್ಪುಗಟ್ಟುತ್ತದೆ, ಗಂಟಿಗೆ ಮಣ್ಣಿನ ಹೊದಿಕೆ ಬೇಕು. ಮೈಸೂರಿನ ಜನವರಿಯಲ್ಲಿ ನಾವು ಒಂದು ಸ್ವೆಟರ್ ಹಾಕಿಕೊಂಡರೆ ಜಾಸ್ತಿ. ಇಲ್ಲಿ ಗಂಟಿಗೆ ಇರೋ ಶತ್ರು ಮಳೆ. ಅಂಟು ಮಣ್ಣಿನಲ್ಲಿ ವಾರಗಟ್ಟಲೆ ನೆನೆದರೆ ಕೊಳೆಯುತ್ತದೆ.

ಮೊದಲ ಚಳಿಗಾಲದಲ್ಲಿ ಹೂ ಬಂದವು. ಗ್ರಹಾಂ ಥಾಮಸ್ ಒಂದರಲ್ಲೇ ಒಂಬತ್ತು. ಫೋಟೋ ತೆಗೆದು ಬಂಧು ಬಳಗಕ್ಕೆಲ್ಲ ಕಳಿಸಿದೆ. ಮಳೆಗಾಲ ಬಂತು, ಬುಡದಿಂದ ಹೆಬ್ಬೆರಳು ದಪ್ಪದ ಚಿಗುರು ಎದ್ದವು. ವಾರಕ್ಕೆ ಒಂದಡಿ. ನನಗೆ ಹಿಡಿಸಲಾರದ ಖುಷಿ. ಕಡಲೆಕಾಯಿ ಹಿಂಡಿ ನೆನೆಸಿ, ನಾಲ್ಕು ದಿನ ಕೊಳೆಸಿ, ಆ ನೀರು ಹಾಕಿದೆ. ನಾತ ಎಷ್ಟಿತ್ತು ಅಂದರೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡು ಊಟ ಮಾಡುತ್ತಿದ್ದರು. ಆ ಹಿಂಡಿಯೆಲ್ಲ ಯಾರ ಹೊಟ್ಟೆಗೆ ಹೋಯಿತು ಅಂತ ಈಗ ನಿಮಗೆ ಗೊತ್ತಾಗಿರಬೇಕು.

ಅದರ ಮೇಲಿನದ್ದು ಹೇಳೋಕೆ ಇವತ್ತಿಗೂ ನಾಚಿಕೆ. 2017ರ ಆಯುಧಪೂಜೆ ಆದ ಮೇಲೆ ಪ್ರೂನಿಂಗ್‌ಗೆ ಕೂತೆ. ನಿಯಮ ಏನು? ಸಣಕಲು ಕಡ್ಡಿ ತೆಗೆಯಬೇಕು, ದಪ್ಪ ಕೊಂಬೆ ಉಳಿಸಬೇಕು. ನಿಯಮದಂತೆ ಪೆನ್ಸಿಲ್ ದಪ್ಪದ, ಅರ್ಧ ಎಲೆ ಉದುರಿದ ಕಡ್ಡಿಗಳನ್ನೆಲ್ಲ ಕತ್ತರಿಸಿ ಕಸಕ್ಕೆ ಹಾಕಿದೆ. ಆ ಕಡ್ಡಿಗಳೇ ಗ್ರಹಾಂ ಥಾಮಸ್. ಉಳಿಸಿಕೊಂಡಿದ್ದು ಮಲ್ಟಿಫ್ಲೋರಾ.

ಆ ಚಳಿಗಾಲದಲ್ಲಿ ಹೂವಿಲ್ಲ. ಬೇಸಿಗೆಯಲ್ಲೂ ಇಲ್ಲ. ನಾನು ನಿಮ್ಮ ಹಾಗೇ ಗೊಬ್ಬರ ಹುಡುಕಿಕೊಂಡು ಹೊರಟೆ. ಬೋನ್ ಮೀಲ್ ಹಾಕಿದೆ, ಡಿಎಪಿ ಹಾಕಿದೆ, ಯಾರೋ ಹೇಳಿದರು ಅಂತ ಬಾಳೆಹಣ್ಣಿನ ಸಿಪ್ಪೆ ಹೂತೆ. "ಎರಡು ವರ್ಷದಿಂದ ದೇವರ ತಲೆಗೆ ಒಂದು ಹೂವಿಲ್ಲ, ನನ್ನ ಪನ್ನೀರು ಗಿಡಾನೂ ಕಿತ್ತುಹಾಕ್ದೆ," ಅಂತ ಅಮ್ಮ ಬೆಳಿಗ್ಗೆ ಬೆಳಿಗ್ಗೆ ಶುರು ಮಾಡುತ್ತಿದ್ದರು.

ಕಂಡುಹಿಡಿದದ್ದೂ ಅಮ್ಮನೇ. ಆಗಸ್ಟ್ ತಿಂಗಳು, ನಲ್ಲಿ ಹತ್ತಿರ ಹೋಗಿ ಬಂದವರು ಗಿಡದ ಮುಂದೆ ನಿಂತುಬಿಟ್ಟರು. "ಅಲ್ವೋ, ಮೊದಲು ಇಲ್ಲಿ ಓಡಾಡಿದರೆ ಸೆರಗು ಸಿಕ್ಕಿಕೊಳ್ತಿತ್ತು. ಈಗ ಸಿಕ್ಕಲ್ವಲ್ಲ? ಈ ಗಿಡಕ್ಕೆ ಮುಳ್ಳೇ ಇಲ್ಲ ಕಣೋ."

ನಾನು ನಕ್ಕೆ. ಆಮೇಲೆ ಕೊಂಬೆ ಹಿಡಿದು ನೋಡಿದೆ. ಬೆಂಡೆಕಾಯಿ ಸವರಿದ ಹಾಗೆ ಜಾರಿತು ಕೈ.

ಚಿಕ್ಕ ಗುದ್ದಲಿ ತಂದು ಮಂಡಿಯೂರಿ ಕೂತೆ. ಮೊದಲ ಗಿಡದ ಬುಡ ಬಿಡಿಸಿದರೆ ಗಂಟಿನ ಜಾಗದಲ್ಲಿ ಕಪ್ಪಗೆ ಒಣಗಿದ ಒಂದು ಮೋಟು. ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಅದರ ಸುತ್ತ ಕೆಳಗಿನಿಂದ ನಾಲ್ಕು ದಪ್ಪ ಕೊಂಬೆ. ಎರಡನೆಯದೂ ಹಾಗೇ, ಮೂರನೆಯದೂ. ಕತ್ತಲಾಗುವ ಹೊತ್ತಿಗೆ ಲೆಕ್ಕ ಸಿಕ್ಕಿತು. ಎರಡು ಗಿಡ ಬುಡ ಕೊಳೆತು ಮೊದಲೇ ಹೋಗಿದ್ದವು. ಎಂಟು ಪೂರ್ತಿ ಮಲ್ಟಿಫ್ಲೋರಾ. ಹನ್ನೊಂದನೆಯದು ಅಬ್ರಹಾಂ ಡಾರ್ಬಿ. ಮೂರು ಕಳ್ಳ ಕೊಂಬೆಗಳ ನಡುವೆ ಒಂದು ಕಡ್ಡಿ, ಅದರಲ್ಲಿ ನಾಲ್ಕು ಎಲೆ, ಸರಿಯಾಗಿ ಎರಡು ಮುಳ್ಳು. ಮುಳ್ಳು ನೋಡಿ ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

ಅದನ್ನು ಉಳಿಸಿಕೊಂಡೆ. ಡಿಸೆಂಬರಿನಲ್ಲಿ ಡೇವಿಡ್ ಆಸ್ಟಿನ್ ತೀರಿಕೊಂಡ ಸುದ್ದಿ ಬಂತು, 92 ವರ್ಷ. ಆ ಹೊತ್ತಿಗೆ ನನ್ನ ಅಬ್ರಹಾಂ ಡಾರ್ಬಿಯಲ್ಲಿ ಒಂದು ಮೊಗ್ಗಿತ್ತು. ಸುಮ್ನೆ ನೆನಪಾಯಿತು, ಹೇಳಿದೆ.

ಈಗ ನಿಮ್ಮ ಗಿಡಕ್ಕೆ ಬರೋಣ. ಮುಳ್ಳಿಲ್ಲ ಅಂದರೆ ಬಹುಮಟ್ಟಿಗೆ ತೀರ್ಮಾನ ಆದ ಹಾಗೇ. ಮುಳ್ಳಿದ್ದರೆ ನಿಶ್ಚಿಂತೆ ಅಂತ ಅಲ್ಲ. ಉತ್ತರ ಭಾರತದಿಂದ ತರಿಸಿದ ಗಿಡವಾದರೆ ಕೆಳಗೆ ಎಡ್ವರ್ಡ್ ಅಥವಾ ಇಂಡಿಕಾ ಓಡೊರಾಟಾ ಅನ್ನೋ ಬೇರಿನ ಗುಲಾಬಿ ಇರಬಹುದು, ಅವಕ್ಕೆ ಮುಳ್ಳಿದೆ. ಒಂದೇ ತೊಟ್ಟಿನಲ್ಲಿ ಏಳು ಪುಟ್ಟ ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಅದನ್ನು ನಂಬಿ ಕತ್ತರಿ ಎತ್ತಬೇಡಿ. ಶ್ರಬ್ ಗುಲಾಬಿಗಳಲ್ಲಿ ಒಳ್ಳೆ ಗಿಡಕ್ಕೇ ಏಳು ಎಲೆ ಇರುವುದು ಬೇಕಾದಷ್ಟಿದೆ. ಮಲ್ಟಿಫ್ಲೋರಾಕ್ಕೆ ಬೇರೆ ಗುರುತು ಇದೆ. ಎಲೆಯ ತೊಟ್ಟು ಕೊಂಬೆಗೆ ಸೇರುವ ಕಡೆ ಎರಡೂ ಬದಿಗೆ ಪುಟ್ಟ ರೆಕ್ಕೆ ಇರುತ್ತದೆ. ಅದರ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕುಚ್ಚು ಕುಚ್ಚಾಗಿದ್ದರೆ ಅನುಮಾನ ಪಡಿ. ಕೊನೇ ಸಾಕ್ಷಿ ಮಾತ್ರ ಮಣ್ಣಿನೊಳಗೇ ಇದೆ. ಬಿಡಿಸಿ ನೋಡಿ, ಕೊಂಬೆ ಗಂಟಿನ ಮೇಲಿಂದ ಬಂದಿದೆಯೋ ಕೆಳಗಿನಿಂದಲೋ.

ಕಳ್ಳ ಸಿಕ್ಕರೆ ನೆಲಮಟ್ಟಕ್ಕೆ ಕತ್ತರಿಸಬೇಡಿ. ಬುಡದಲ್ಲಿ ಉಳಿದ, ಚಿಗುರು ಹೊರಡುವ ಕಣ್ಣುಗಳಿಂದ ಒಂದರ ಬದಲು ಮೂರು ಬರುತ್ತವೆ. ಹುಟ್ಟಿದ ಜಾಗದವರೆಗೆ ಮಣ್ಣು ತೆಗೆದು, ಕೆಳಕ್ಕೆ ಎಳೆದು ಸಿಗಿದು ಕೀಳಬೇಕು. ಗಟ್ಟಿ ಕೈಗವಸು ಹಾಕಿಕೊಳ್ಳಿ. ಗಂಟಿನ ಮೇಲೆ ಜೀವ ಇದ್ದರೆ, ಗಂಟು ಗಾಳಿಗೆ ಕಾಣುವಷ್ಟು ಮಣ್ಣು ಸರಿಸಿ ಕಾಯಿರಿ. ಜೀವ ಇಲ್ಲದಿದ್ದರೆ ಕಿತ್ತುಹಾಕಿ. ಎರಡು ವರ್ಷ ಸಾಕಿದೆ ಅಂತ ಮರುಕ ಬೇಡ.

ಆರರಲ್ಲಿ ಒಂದೆರಡಾದರೂ ಅಸಲಿ ಗುಲಾಬಿಯೇ ಆಗಿ, ಆದರೂ ಏಳಡಿ ಬೆಳೆದು ತುದಿಯಲ್ಲಿ ಮಾತ್ರ ಒಂದೆರಡು ಹೂ ಬಿಡುತ್ತಿದ್ದರೆ, ಆಗಲೂ ಗೊಬ್ಬರ ಬೇಡ. ಇಂಗ್ಲೆಂಡಿನಲ್ಲಿ ನಾಲ್ಕೈದು ಅಡಿ ಇರೋದು ನಮ್ಮ ಸೆಕೆಗೆ ಬಳ್ಳಿ ಆಗುತ್ತದೆ. ಮೊಣಕಾಲು ಮಟ್ಟಕ್ಕೆ ಕತ್ತರಿಸಿದರೆ ರೊಚ್ಚಿಗೆದ್ದು ಮತ್ತೆ ಅಷ್ಟೇ ಉದ್ದ ಎಸೆಯುತ್ತದೆ. ಕೊಂಬೆಯನ್ನು ನಿಧಾನಕ್ಕೆ ಬಗ್ಗಿಸಿ ನೆಲಕ್ಕೆ ಅಡ್ಡಡ್ಡ ಕಟ್ಟಿ. ನಾನು ಅಮ್ಮನ ಹಳೇ ನೂಲಿನ ಸೀರೆ ಹರಿದು ಕಟ್ಟುತ್ತೇನೆ. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಕಣ್ಣು ಕೆಳಗಿನವನ್ನು ಏಳಲು ಬಿಡುವುದಿಲ್ಲ. ಮಲಗಿಸಿದರೆ ಎಲ್ಲ ಕಣ್ಣೂ ಏಳುತ್ತವೆ. ಅಬ್ರಹಾಂ ಡಾರ್ಬಿಯ ಒಂದೇ ಕೊಂಬೆಯಲ್ಲಿ ನಾನು 17 ಚಿಗುರು ಎಣಿಸಿದ್ದೇನೆ.

ಇನ್ನು ಆ 20 ತಳಿ. ನಾನು ಪಟ್ಟಿ ಕೊಡುವುದಿಲ್ಲ. ಕೊಟ್ಟರೆ ನೀವು ತರುತ್ತೀರಿ. ಒಂದೊಂದಕ್ಕೂ ಸುತ್ತ ನಾಲ್ಕಡಿ ಜಾಗ ಮತ್ತು ಆರು ಗಂಟೆ ಬಿಸಿಲು ಬೇಕು, 30x40 ಸೈಟಿನಲ್ಲಿ 20 ಗಿಡ ಎಲ್ಲಿ ಇಡ್ತೀರಿ? ನನ್ನ ಆ ಎಂಟಡಿ ಜಾಗದಲ್ಲಿ ಈಗ ಏಳೇ ಗಿಡ ಇವೆ, ಅದೂ ಕಿಕ್ಕಿರಿದು. ಏಳರಲ್ಲಿ ಐದು ಕಸಿ ಗಿಡಗಳಲ್ಲ. ಮಳೆಗಾಲದಲ್ಲಿ ಪರಿಚಯದವರಿಂದ ಪೆನ್ಸಿಲ್ ದಪ್ಪದ ಕಡ್ಡಿ ತಂದು ಬೇರು ಬರಿಸಿದವು. ಮೊದಲ ವರ್ಷ ಸೊರಗಿದ ಹಾಗೆ ಕಾಣುತ್ತವೆ, ಗೆದ್ದಲು ಗೊಣ್ಣೆಹುಳುವಿನ ಕಾಟವೂ ಸ್ವಲ್ಪ ಜಾಸ್ತಿ. ಆದರೆ ಅವುಗಳಲ್ಲಿ ಮೇಲೆ ಕೆಳಗೆ ಎಲ್ಲ ಒಂದೇ ಗಿಡ. ಬುಡದಿಂದ ಏನು ಬಂದರೂ ನಮ್ಮದೇ.

ಹೆಸರೇ ಬೇಕು ಅಂದರೆ, ಆಸ್ಟಿನ್ ಒಬ್ಬರನ್ನೇ ಹಿಡಿದು ಕೂರಬೇಡಿ. ಅಮೆರಿಕದ ಅಯೋವಾದಲ್ಲಿ ಗ್ರಿಫಿತ್ ಬಕ್ ಮಾಡಿದ ಕೇರ್‌ಫ್ರೀ ಬ್ಯೂಟಿ (1977) ಸಿಕ್ಕರೆ ಬಿಡಬೇಡಿ, ನನ್ನಲ್ಲಿ ಔಷಧಿ ಹೊಡೆಯದೆ ನಿಂತಿರುವುದು ಅದೊಂದೇ. 2000ದಲ್ಲಿ ಬಂದ ನಾಕ್ ಔಟ್ ಕೂಡ ಅದರ ವಂಶದ್ದೇ. ಗಟ್ಟಿ ಗಿಡ, ವರ್ಷವಿಡೀ ಹೂವು, ಆದರೆ ಪರಿಮಳ ಇಲ್ಲವೇ ಇಲ್ಲ ಅನ್ನಬಹುದು. ಅಮ್ಮ ಅದನ್ನು ದೇವರಿಗೆ ಇಡಲು ಒಪ್ಪಲಿಲ್ಲ, ಗೇಟಿನ ಆಚೆ ನೆಟ್ಟಿದ್ದೇವೆ. ಕೊಡೈಕೆನಾಲಿನ ವೀರರಾಘವನ್ ದಂಪತಿ ಮಣಿಪುರದ ಕಾಡು ಗುಲಾಬಿ ರೋಸಾ ಜೈಗಾಂಟಿಯಾ ಬಳಸಿ ಸೆಕೆ ನಾಡಿಗೇ ಅಂತ ಮಾಡಿದ ತಳಿಗಳ ಬಗ್ಗೆ ಓದಿ. ಸಿಗೋದು ಕಷ್ಟ, ನಾನೂ ಹುಡುಕುತ್ತಲೇ ಇದ್ದೇನೆ.

ಭಾನುವಾರ ಮಣ್ಣು ಬಿಡಿಸಿ ನೋಡಿ, ಫೋಟೋ ಹಾಕಿ. ಎಲೆಯದ್ದು ಬೇಡ, ಬುಡದ್ದು ಹಾಕಿ. ಗಂಟು ಕಾಣಬೇಕು.