ಪುಸ್ತಕ ಬರೆದ ಮೇಲೂ ಕದ್ದ, ಯಾಕೆ?

ಪ್ರಶ್ನೆ: ಫ್ರಾನ್ಸಿನ ಕಲಾಕೃತಿ ಕಳ್ಳ ಸ್ಟೆಫಾನ್ ಬ್ರೈಟ್‌ವೀಸರ್ ಬಗ್ಗೆ ಓದಿದೆ. ದುಡ್ಡಿಗಲ್ಲ, ಕಲೆಯ ಮೇಲಿನ ಪ್ರೀತಿಗೆ ಕದ್ದೆ ಅಂದವನು. ಜೈಲಿನಿಂದ ಬಂದು ತನ್ನ ಕಥೆಯನ್ನು ಪುಸ್ತಕ ಮಾಡಿದ. ಸುಧಾರಿಸಿದ ಅಂದುಕೊಂಡರೆ ಮತ್ತೆ ಸಿಕ್ಕಿಬಿದ್ದ. ಇದೇನು ಕಾಯಿಲೆಯಾ? ಇಂಥವರು ಬದಲಾಗೋದೇ ಇಲ್ವಾ? – ಓದುಗರೊಬ್ಬರು, ಹಾಸನ

ಉತ್ತರ: ಕಾಯಿಲೆ ಅಂತ ನನಗನ್ನಿಸೋದಿಲ್ಲ. ಕ್ಲೆಪ್ಟೊಮೇನಿಯಾ ಎಂಬ ಕದಿಯುವ ಕಾಯಿಲೆ ಇರುವವರು ಸಾಮಾನ್ಯವಾಗಿ ತಮಗೆ ಬೇಕಿಲ್ಲದ ವಸ್ತುವನ್ನೂ ಆ ಕ್ಷಣದ ತುಡಿತ ತಡೆಯಲಾರದೆ ಎತ್ತಿಕೊಳ್ಳುತ್ತಾರೆ. ಈತ ಆರಿಸಿ ಆರಿಸಿ ಕದ್ದವನು.

1997ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ, ಚಿತ್ರಕಾರ ರೂಬೆನ್ಸ್ ಬಾಳಿದ್ದ ಮನೆಯ ಮ್ಯೂಸಿಯಂನಲ್ಲಿ ನಡೆದದ್ದು ನೋಡಿ. ಗಿಯೋರ್ಗ್ ಪೆಟೆಲ್ ದಂತದಲ್ಲಿ ಕೆತ್ತಿದ ಆಡಂ ಮತ್ತು ಈವ್ ಶಿಲ್ಪ ಅಲ್ಲಿ ಪಾರದರ್ಶಕ ಪೆಟ್ಟಿಗೆಯೊಳಗಿತ್ತು. ಗೆಳತಿ ಕಾವಲು ನಿಂತಳು. ಈತ ಜೇಬಿನ ಚಾಕುವಿನಿಂದ ಸ್ಕ್ರೂ ತಿರುಗಿಸಿದ. ಯಾರಾದರೂ ಬಂದರೆ ಕೈ ಬಿಟ್ಟು ನೋಡುಗನಂತೆ ನಿಲ್ಲೋದು, ಅವರು ಹೋದ ಮೇಲೆ ಮತ್ತೆ ತಿರುಗಿಸೋದು. ಕೊನೆಗೆ ಶಿಲ್ಪವನ್ನು ಬೆನ್ನ ಹಿಂದೆ ಪ್ಯಾಂಟಿಗೆ ಸಿಕ್ಕಿಸಿ, ಮೇಲೆ ಕೋಟು ಮುಚ್ಚಿ, ಆರಾಮಾಗಿ ನಡೆದುಹೋದ. ಇಷ್ಟು ತಾಳ್ಮೆಯ ಕೆಲಸವನ್ನು ಕೈ ತಪ್ಪಿ ಮಾಡಿದ್ದು ಅನ್ನೋಕಾಗಲ್ಲ, ಅಲ್ವಾ?

1995ರಿಂದ 2001ರೊಳಗೆ ಹೀಗೆ 200ಕ್ಕೂ ಜಾಸ್ತಿ ಕಲಾಕೃತಿ ಕದ್ದು ತಾಯಿಯ ಮನೆಯ ಅಟ್ಟದಲ್ಲಿ ತುಂಬಿಟ್ಟಿದ್ದ. ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕಿಬಿದ್ದಾಗ ಮಗನ ಮೇಲಿನ ಸಿಟ್ಟೋ ಪೊಲೀಸರ ಭಯವೋ, ತಾಯಿ ಎಷ್ಟೋ ಚಿತ್ರಗಳನ್ನು ನಾಶ ಮಾಡಿದರು. ಉಳಿದ ವಸ್ತುಗಳಲ್ಲಿ ಬಹಳಷ್ಟನ್ನು ಕಾಲುವೆಗೆ ಎಸೆದರು. ಆ ದಂತದ ಶಿಲ್ಪ ನೀರಿನಿಂದ ಮೇಲೆ ಬಂತು, ಅದು ಪುಣ್ಯ. ನಾಶವಾದ ಚಿತ್ರಗಳನ್ನು ಇನ್ನು ಯಾರೂ ನೋಡಲಾರರು. ಅದಕ್ಕೇ 'ಪ್ರೀತಿಗೆ ಕದ್ದೆ' ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಊರಿನವರೆಲ್ಲ ನೋಡಬೇಕಾದ್ದನ್ನು ತಾನೊಬ್ಬನೇ ನೋಡಬೇಕು ಅನ್ನೋದು ಪ್ರೀತಿ ಅಲ್ಲ, ಆಸೆಬುರುಕತನ.

ಪುಸ್ತಕ ಬಂದದ್ದು 2006ರಲ್ಲಿ. 2011ರಲ್ಲಿ ಅವನ ಮನೆಯಲ್ಲಿ ಮತ್ತೆ ಕದ್ದ ಕಲಾಕೃತಿಗಳು ಸಿಕ್ಕವು, 2013ರಲ್ಲಿ ಮೂರು ವರ್ಷ ಶಿಕ್ಷೆಯಾಯಿತು. 2019ರಲ್ಲಿ ಪುನಃ ಬಂಧನ.

ಯಾರೂ ಅವನನ್ನು ಹೆದರಿಸಿ ಹಳೇ ದಂಧೆಗೆ ಎಳೆಯಲಿಲ್ಲ. ನನ್ನ ಪ್ರಕಾರ ಎಳೆದದ್ದು 'ಮಹಾ ಕಳ್ಳ' ಎಂಬ ಹೆಸರು. ಪುಸ್ತಕ, ಸಂದರ್ಶನ, ಕ್ಯಾಮೆರಾ, ಎಲ್ಲ ಬಂದದ್ದು ಅದೇ ಹೆಸರಿನ ಬಲದಿಂದ. ಬಿಡಬೇಕಾದ್ದನ್ನೇ ಜನ ಹೊಗಳಿದರೆ ಬಿಡೋದು ಹೇಗೆ?

ನಾರ್ವೆಯ ಪೋಲ್ ಎಂಗರ್ ಕಥೆಯೂ ಇದೇ ದಾರಿಯದು. 1994ರಲ್ಲಿ ಓಸ್ಲೊ ಗ್ಯಾಲರಿಯಿಂದ ಚಿತ್ರಕಾರ ಮುಂಕ್‌ನ ಹೆಸರಾಂತ ಚಿತ್ರ 'ದಿ ಸ್ಕ್ರೀಮ್' ಕದ್ದ ಪ್ರಕರಣದಲ್ಲಿ ಜೈಲಾಯಿತು. ಆಮೇಲೆ ತಾನೇ ಚಿತ್ರ ಬರೆಯತೊಡಗಿದ. ಹರಾಜಿನಲ್ಲಿ ದುಡ್ಡು ಕೊಟ್ಟು ಮುಂಕ್‌ನ ಒಂದು ಕೃತಿಯನ್ನು ಕೊಂಡ. ಕಳ್ಳ ಗಿರಾಕಿಯಾದ ಅಂತ ಜನ ಖುಷಿಪಟ್ಟರು. 2015ರಲ್ಲಿ ಓಸ್ಲೊದ ಗ್ಯಾಲರಿಯೊಂದರಿಂದ 17 ಚಿತ್ರ ಕಳುವಾದ ಪ್ರಕರಣದಲ್ಲಿ ಮತ್ತೆ ಅವನನ್ನೇ ಹಿಡಿದರು.

ಬದಲಾಗಬಹುದು, ಖಂಡಿತ. ಆದರೆ ಚೆಂದ ಮಾತಾಡಿದ, ಚೆಂದ ಬರೆದ ಅಂತ ಸುಮ್ನೆ ನಂಬಬೇಡಿ. ಇನ್ನೂ ಸಿಗದ ವಸ್ತು ಎಲ್ಲಿದೆ ಅಂತ ಗೊತ್ತಿದ್ದರೆ ಹೇಳಿದನಾ, ಕದ್ದ ಮ್ಯೂಸಿಯಂಗೆ ಆದ ನಷ್ಟದ ಬಗ್ಗೆ ಮಾತಾಡಿದನಾ, ಅಥವಾ ಬರೀ ತನ್ನ ಜಾಣತನದ ಬಗ್ಗೆಯಾ? ನಾನಾದರೆ ಮೊದಲು ನೋಡೋದು ಅದನ್ನೇ.