ಆಟದಂಗಳ ಪ್ರಶ್ನೋತ್ತರ: ಹಗಲು ರಣಜಿ, ರಾತ್ರಿ ಫುಟ್‌ಬಾಲ್

ಪ್ರಶ್ನೆ: ಬೆಳಿಗ್ಗೆ ಚಿನ್ನಸ್ವಾಮಿಯಲ್ಲಿ ಕರ್ನಾಟಕದ ರಣಜಿ ಪಂದ್ಯ, ಸಂಜೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಟ. ಎರಡನ್ನೂ ನೋಡಿ ರಾತ್ರಿ ರೈಲಿಗೇ ಊರಿಗೆ ಮರಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ. ಒಂದೇ ದಿನ ಎರಡು ಆಟ ನೋಡುವುದಕ್ಕೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ರಣಜಿಯಿಂದ ಯಾವಾಗ ಬೇಕಾದರೂ ಎದ್ದು ಬರಬಹುದು. ಫುಟ್‌ಬಾಲಿಗೆ ಹತ್ತು ನಿಮಿಷ ತಡವಾದರೂ ಒಂದು ಗೋಲು ತಪ್ಪಿಹೋಗಬಹುದು. ಆದ್ದರಿಂದ ಸಮಯ ಗಟ್ಟಿಯಾಗಿ ನಿಗದಿಯಾದ ಆಟ ಯಾವಾಗಲೂ ಎರಡನೆಯದಾಗಿರಲಿ.

ಮೊದಲು ಮೈದಾನ ಯಾವುದೆಂದು ಖಚಿತಪಡಿಸಿಕೊಳ್ಳಿ. ತವರಿನ ಪಂದ್ಯವೆಂದರೆ ಚಿನ್ನಸ್ವಾಮಿಯೇ ಆಗಬೇಕೆಂದಿಲ್ಲ. ಆಲೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಲ್ಲೂ ಕರ್ನಾಟಕ ಆಡುತ್ತದೆ. ಎಷ್ಟನೇ ದಿನದ ಆಟ ಎಂಬುದೂ ಮುಖ್ಯ. ಲೀಗ್ ಹಂತದ ಪಂದ್ಯ ನಾಲ್ಕು ದಿನದ್ದಾದರೂ 2025ರ ಜನವರಿಯಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಪಂಜಾಬ್ ಮೊದಲ ಇನಿಂಗ್ಸ್‌ನಲ್ಲಿ 55ಕ್ಕೆ ಕುಸಿದು, ಪಂದ್ಯ ಮೂರನೇ ದಿನವೇ ಮುಗಿದುಹೋಯಿತು. ದೂರದ ಊರಿನಿಂದ ಬರುವವರು ಮೊದಲ ಅಥವಾ ಎರಡನೇ ದಿನವನ್ನೇ ಆರಿಸಿಕೊಳ್ಳುವುದು ಕ್ಷೇಮ.

ಮೆಜೆಸ್ಟಿಕ್‌ನಲ್ಲಿ ಇಳಿದ ಕೂಡಲೇ ದೊಡ್ಡ ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿಡಿ. ಬೀಗ ಹಾಕಿರದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ರೈಲು ಟಿಕೆಟ್ಟನ್ನೂ ತೋರಿಸಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಗಲಿಡೀ ಬಿಸಿಲಿನಲ್ಲಿ ಕೂರಲು ಬೇಕಾಗುವ ನೀರಿನ ಬಾಟಲಿ, ಕೊಡೆ, ಪವರ್ ಬ್ಯಾಂಕ್ ಇವನ್ನೇ ಫುಟ್‌ಬಾಲಿನ ಗೇಟಿನಲ್ಲಿ ತಡೆಯುತ್ತಾರೆ. ಒಳಗೆ ಹೋದವರು ಹೊರಗೆ ಬಂದರೆ ಮತ್ತೆ ಬಿಡುವುದೂ ಇಲ್ಲ. ಕೊಡೆಯ ಬದಲು ಟೋಪಿ ಇರಲಿ. ಟಿಕೆಟ್ ಮೊಬೈಲಿನಲ್ಲಿದ್ದರೆ ಸಂಜೆ ತಿಂಡಿಗೆ ಕೂತಲ್ಲೇ ಚಾರ್ಜ್ ಮಾಡಿಕೊಳ್ಳಿ. ಗೇಟಿನ ಮುಂದೆ ಫೋನ್ ಸತ್ತರೆ ಟಿಕೆಟ್ ಇದ್ದೂ ಇಲ್ಲದಂತೆ.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆಗೆ ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್. ಕ್ರೀಡಾಂಗಣ ಪಕ್ಕದಲ್ಲೇ ಇದೆ. ರಣಜಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಆದರೆ ಎಲ್ಲ ಸ್ಟ್ಯಾಂಡ್‌ಗಳನ್ನೂ ತೆರೆಯುವುದಿಲ್ಲ. ಯಾವ ಗೇಟ್ ಎಂದು ಕಾವಲಿನವರನ್ನೇ ಕೇಳಿ. ಆಟ 9:30ಕ್ಕೆ ಶುರು. ಮೊದಲ ಒಂದು ಗಂಟೆಯ ಹೊಸ ಚೆಂಡಿನ ಆಟವನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಊಟದ ವಿರಾಮ 11:30ರಿಂದ 40 ನಿಮಿಷ, ಚಹಾ ವಿರಾಮ 2:10ರಿಂದ 20 ನಿಮಿಷ. ಚಹಾ ಆದಮೇಲೆ ಜನ ಎದ್ದು ಹೊರಡುತ್ತಾರೆ, ನೀವು ಕೂತಿರಿ. ಇಡೀ ದಿನ ಒಂದೇ ಇನಿಂಗ್ಸ್ ನಡೆದಿದ್ದರೆ 80 ಓವರ್ ಕಳೆದು ಎರಡನೇ ಹೊಸ ಚೆಂಡು ಸಿಗುವುದು ನಾಲ್ಕರ ಆಸುಪಾಸಿನಲ್ಲಿ. ಬಿದ್ದರೆ ಆಗಲೇ ಸಾಲಾಗಿ ವಿಕೆಟ್ ಬೀಳುತ್ತವೆ. ನಿಗದಿತ ಸಮಯ 4:30. ಓವರ್ ಬಾಕಿಯಿದ್ದರೆ ಐದರವರೆಗೂ ಎಳೆಯುತ್ತದೆ.

ಅಲ್ಲಿಂದ ಅನಿಲ್ ಕುಂಬ್ಳೆ ವೃತ್ತಕ್ಕೆ ಬಂದು, ಕಬ್ಬನ್ ಪಾರ್ಕ್ ಬಲಕ್ಕಿಟ್ಟುಕೊಂಡು ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ದಾಟಿ ನಡೆದರೆ ಕಂಠೀರವಕ್ಕೆ ಅರ್ಧ ಗಂಟೆಯೂ ಬೇಡ. ಸಂಜೆಯ ಟ್ರಾಫಿಕ್‌ನಲ್ಲಿ ಆಟೊ ಹತ್ತಬೇಡಿ. ತಿಂಡಿ ಮುಗಿಸಿ 6:45ಕ್ಕೆ ಗೇಟಿನ ಬಳಿ ಇದ್ದರೆ ಸಾಕು. ಟಿಕೆಟ್ ಕೊಳ್ಳುವಾಗ ಒಂದು ಗಮನ: ಅಂಕಣದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲುಗಳಿಂದ ಆಚೆ ಬದಿಯ ಆಟ ಸರಿಯಾಗಿ ಕಾಣದು. ಮೇಲಿನ ಸಾಲಿಗೇ ಹೋಗಿ.

7:30ರ ಆಟ ಸುಮಾರು 9:30ಕ್ಕೆ ಮುಗಿಯುತ್ತದೆ. ಜನಸಂದಣಿ ಕಳೆದು, ಮೆಟ್ರೊ ಹಿಡಿದು, ಕ್ಲೋಕ್ ರೂಮಿನಿಂದ ಬ್ಯಾಗ್ ಬಿಡಿಸಿಕೊಳ್ಳುವಷ್ಟರಲ್ಲಿ ಹತ್ತೂವರೆ. ಹನ್ನೊಂದಕ್ಕೆ ಮುಂಚಿನ ರೈಲಿಗೆ ಟಿಕೆಟ್ ಮಾಡಿಸಬೇಡಿ.

ಪ್ರಶ್ನೆ: ರಣಜಿಯ ಬದಲು ಮಧ್ಯಾಹ್ನ 3:30ರ ಐಪಿಎಲ್ ಪಂದ್ಯ ನೋಡಿ 7:30ರ ಇನ್ನೊಂದು ಆಟಕ್ಕೆ ಹೋದರೆ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಕಾಗದದ ಮೇಲೆ ತಲಾ 90 ನಿಮಿಷದ ಎರಡು ಇನಿಂಗ್ಸ್, ನಡುವೆ 20 ನಿಮಿಷ, ಅಂದರೆ 6:50ಕ್ಕೆ ಮುಗಿಯಬೇಕು. ಫೀಲ್ಡಿಂಗ್ ಬದಲಾವಣೆ, ರಿವ್ಯೂ ಎಲ್ಲ ಸೇರಿ ಏಳೂಕಾಲು ದಾಟುವುದೇ ಹೆಚ್ಚು. ತುಂಬಿದ ಕ್ರೀಡಾಂಗಣದಿಂದ ಹೊರಬರಲು ಇನ್ನೂ ಅರ್ಧ ಗಂಟೆ. ಅವಸರದಲ್ಲಿ ನೂಕಿಕೊಂಡು ಹೋಗುವ ಯೋಚನೆಯೇ ಬೇಡ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು.

ಮೇ ತಿಂಗಳ ಮಳೆ ಬೇರೆ. ಚಿನ್ನಸ್ವಾಮಿಯಲ್ಲಿ ಹುಲ್ಲಿನಡಿಯ ನೀರನ್ನು ಎಳೆದು ಹಾಕುವ ಸಬ್‌ಏರ್ ವ್ಯವಸ್ಥೆ 2017ರಿಂದ ಇದೆ. ನಿಂತ ಮಳೆಯ ನೀರನ್ನು ಅದು ಬೇಗ ಬಸಿಯುತ್ತದೆ, ಸುರಿಯುತ್ತಲೇ ಇರುವ ಮಳೆಗೆ ಏನೂ ಮಾಡಲಾಗದು. 2025ರ ಮೇ 17ರ ಕೋಲ್ಕತ್ತ ವಿರುದ್ಧದ ಆರ್‌ಸಿಬಿ ಪಂದ್ಯ ಟಾಸ್ ಕೂಡ ಆಗದೆ ರದ್ದಾಯಿತು. ಒಂದು ಚೆಂಡೂ ಆಗದ್ದರಿಂದ ಟಿಕೆಟ್ ಹಣ ವಾಪಸು ಬಂತು. ಒಂದೇ ಒಂದು ಚೆಂಡು ಎಸೆದಿದ್ದರೂ ಹಣದ ಆಸೆ ಬಿಡಬೇಕು.

ಪ್ರಶ್ನೆ: ಎಂಟು ವರ್ಷದ ಮಗನನ್ನು ಎರಡಕ್ಕೂ ಕರೆದೊಯ್ಯಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬೆಳಿಗ್ಗೆಯಿಂದ ಕೂರಿಸಬೇಡಿ. ಮನೆಯಲ್ಲಿ ತಿಂಡಿ ಮಾಡಿ ಹೊರಟು 12:10ರ ಅವಧಿಗೆ ಬನ್ನಿ, ಚಹಾ ವಿರಾಮಕ್ಕೆ ಎದ್ದು ಕಬ್ಬನ್ ಪಾರ್ಕಿನ ನೆರಳಿಗೆ ಹೋಗಿ. ಸಂಜೆ ಗುಂಪಿಗೆ ಮುಂಚೆ, ಗೇಟ್ ತೆರೆದ ಕೂಡಲೇ ಒಳಗೆ ಹೋಗಿ ಕೂರಿ. ಹುಡುಗನ ಮುಂಗೈ ಮೇಲೆ ನಿಮ್ಮ ಫೋನ್ ನಂಬರನ್ನು ಪೆನ್ನಿನಲ್ಲಿ ಬರೆದಿಡಿ, ಜೇಬಿನ ಚೀಟಿ ಬಿದ್ದುಹೋಗುತ್ತದೆ. ಮಕ್ಕಳಿಗೂ ಟಿಕೆಟ್ ಬೇಕೇ ಎಂಬುದು ಪಂದ್ಯದಿಂದ ಪಂದ್ಯಕ್ಕೆ ಬೇರೆ. ಟಿಕೆಟ್ ಮಾರುವ ಪುಟದ ಷರತ್ತುಗಳಲ್ಲಿ ವಯಸ್ಸಿನ ಮಿತಿ ಬರೆದಿರುತ್ತಾರೆ, ಹಣ ಕಟ್ಟುವ ಮುಂಚೆ ಓದಿ.